ನೇರ ಪೆಟ್ಟು, ಓರೆ ಪೆಟ್ಟು

ಟೈಟಾನಿಕ್ ನೌಕೆ ಮುಳುಗಿದ ಕೆಲವೇ ವಾರಗಳ ತರುವಾಯ, 1912ನೆಯ ಇಸವಿಯ ಬೇಸಗೆಯಲ್ಲಿ, ಲಂಡನ್ನಿನ ಬಕಿಂಗ್‌ಹ್ಯಾಮ್ ಗೇಟಿನ ಕವಾಯತು ಭವನವೊಂದರಲ್ಲಿ ಲಾರ್ಡ್ ಮರ್ಸಿಯವರ ಅಧ್ಯಕ್ಷತೆಯಲ್ಲಿ ನಡೆದ ವಿಚಾರಣೆಯ ಮುಂದೆ, ಆ ನೌಕೆಯನ್ನು ಕಟ್ಟಿದ ಬೆಲ್‌ಫಾಸ್ಟಿನ ಹಾರ್ಲೆಂಡ್ ಅಂಡ್ ವುಲ್ಫ್ ಸಂಸ್ಥೆಯ ನೌಕಾಶಿಲ್ಪಿ ಎಡ್ವರ್ಡ್ ವೈಲ್ಡಿಂಗ್ ಎಂಬವರು ಸಾಕ್ಷಿಯಾಗಿ ನಿಂತರು. ಅವರ ಸಾಕ್ಷ್ಯದ ಬಹುಭಾಗ ಅಡಿ, ಅಂಗುಲ, ಟನ್ನುಗಳ ಲೆಕ್ಕಾಚಾರ. ಆದರೆ ಅದರ ನಡುವೆ ಅವರಿಂದ ಹೊರಬಿದ್ದ ಒಂದು ಮಾತು ಅಂದಿನಿಂದ ಇಂದಿನವರೆಗೆ ಈ ದುರಂತವನ್ನು ಕುರಿತು ಚಿಂತಿಸಿದವರಾರನ್ನೂ ನೆಮ್ಮದಿಯಾಗಿರಲು ಬಿಟ್ಟಿಲ್ಲ. ನೌಕೆ ಹಿಮಪರ್ವತವನ್ನು ತಪ್ಪಿಸಿಕೊಳ್ಳಲು ಹೊರಳದೆ, ತನ್ನ ಮೂತಿಯನ್ನು ನೆಟ್ಟಗೆ ಅದಕ್ಕೆ ಕೊಟ್ಟು ಅಪ್ಪಳಿಸಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ, ಮೂತಿ ಎಂಬತ್ತರಿಂದ ನೂರು ಅಡಿಯವರೆಗೆ ಜಜ್ಜಿಹೋಗುತ್ತಿತ್ತು, ಅಲ್ಲಿ ವಾಸವಾಗಿದ್ದ, ಕುಲುಮೆಗಳಿಗೆ ಕಲ್ಲಿದ್ದಲು ಉಣಿಸುವ ಫಯರ್‌ಮನ್ನರೆಲ್ಲರೂ ಸಾಯುತ್ತಿದ್ದರು, ಆದರೆ ನೌಕೆ ಮಾತ್ರ ಬಂದರು ಸೇರುತ್ತಿತ್ತು ಎಂಬುದಾಗಿತ್ತು. ಸಾವಿರದ ಐನೂರು ಜನರ ಮರಣವನ್ನು ಎದುರಿಗಿಟ್ಟುಕೊಂಡು ಕುಳಿತ ಸಭೆಯಲ್ಲಿ ಈ ಮಾತು ಹೇಗೆ ಕೇಳಿಸಿದ್ದೀತೆಂಬುದನ್ನು ಊಹಿಸಿಕೊಳ್ಳಬಹುದು. ಕಾಪಾಡಲೆಂದು ಮಾಡಿದ ಕೃತ್ಯವೇ ನೌಕೆಯನ್ನು ಮುಳುಗಿಸಿತು ಎಂಬ ಅರ್ಥ ಅದರೊಳಗೆ ಹುದುಗಿದ್ದಿತು.

ಈ ಮಾತನ್ನು ಸರಿಯಾಗಿ ತೂಗಿ ನೋಡಬೇಕಾದರೆ ಮೊದಲು ಆ ನೌಕೆಯ ಒಡಲಿನ ರಚನೆಯನ್ನು ತಿಳಿಯಬೇಕು. 882 ಅಡಿ 9 ಅಂಗುಲ ಉದ್ದದ, ತುಂಬಿದ ಭಾರದಲ್ಲಿ 52,310 ಟನ್ ತೂಗುತ್ತಿದ್ದ ಆ ಹಡಗಿನ ಒಡಲನ್ನು ಹದಿನೈದು ಉಕ್ಕಿನ ಅಡ್ಡಗೋಡೆಗಳು ಹದಿನಾರು ಅಂಕಣಗಳಾಗಿ ವಿಂಗಡಿಸಿದ್ದವು. ಒಂದಂಕಣಕ್ಕೆ ನೀರು ನುಗ್ಗಿದರೆ ಅದು ಮತ್ತೊಂದಕ್ಕೆ ದಾಟದಂತೆ ತಡೆಯುವುದೇ ಈ ಗೋಡೆಗಳ ಕೆಲಸ. ಅಕ್ಕಪಕ್ಕದ ಯಾವ ಎರಡು ಅಂಕಣಗಳು ತುಂಬಿದರೂ ನೌಕೆ ತೇಲುವಂತೆ, ತೀರ ಮುಂಭಾಗದಲ್ಲಾದರೆ ಮೊದಲ ನಾಲ್ಕು ಅಂಕಣಗಳು ತುಂಬಿದರೂ ತೇಲುವಂತೆ ಅದರ ಲೆಕ್ಕ ಹಾಕಲಾಗಿತ್ತು. ಆ ಕಾಲದ ಶಿಲ್ಪಿಗಳು ಕಲ್ಪಿಸಿಕೊಂಡಿದ್ದ ಮಹಾಪಾಯಗಳು ಎರಡು: ತನ್ನ ಮೂತಿ ಬೇರೊಂದಕ್ಕೆ ಬಡಿಯುವುದು, ಇಲ್ಲವೆ ಬೇರೊಂದು ಹಡಗಿನ ಮೂತಿ ಬಂದು ತನ್ನ ಪಕ್ಕೆಗೆ ಇರಿಯುವುದು. ಇರಿತ ಎರಡು ಅಂಕಣಗಳ ನಡುವಣ ಗೋಡೆಯ ಮೇಲೆಯೇ ಬಿದ್ದರೂ ನಷ್ಟವಾಗುವುದು ಎರಡೇ ಅಂಕಣ. ಈ ತರ್ಕಕ್ಕೆ ಅನುಭವದ ಮುದ್ರೆಯೂ ಬಿದ್ದಿತ್ತು. 1911ರ ಸೆಪ್ಟೆಂಬರ್ 20ರಂದು ಟೈಟಾನಿಕ್‌ನ ಅಕ್ಕನಾದ ಒಲಿಂಪಿಕ್ ನೌಕೆಯ ಹಿಂಭಾಗದ ಪಕ್ಕೆಗೆ ಹಾಕ್ ಎಂಬ ಯುದ್ಧನೌಕೆ ತನ್ನ ಮೂತಿಯನ್ನು ನೆಟ್ಟಿತು. ಎರಡು ಅಂಕಣಗಳಿಗೆ ನೀರು ತುಂಬಿತು. ಒಂದು ಜೀವವೂ ಹೋಗದಂತೆ ಒಲಿಂಪಿಕ್ ತನ್ನದೇ ಶಕ್ತಿಯಿಂದ ಸೌತ್‌ಹ್ಯಾಂಪ್ಟನ್ನಿಗೆ ಮರಳಿತು. ಅಂದು ಅದರ ಕಪ್ತಾನನಾಗಿದ್ದವನು ಎಡ್ವರ್ಡ್ ಸ್ಮಿತ್. ಅಧಿಕಾರಿಗಳಲ್ಲೊಬ್ಬನು ವಿಲಿಯಂ ಮರ್ಡಾಕ್. ಏಳು ತಿಂಗಳ ನಂತರ ಟೈಟಾನಿಕ್‌ನ ಮೇಲ್ಗಟ್ಟೆಯಲ್ಲಿದ್ದವರೂ ಇವರೇ. ತಾವು ನಿಂತ ಹಡಗಿನ ಒಡಲು ಎಂಥ ಗಾಯವನ್ನು ತಾಳಿಕೊಳ್ಳಬಲ್ಲುದೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಎಂಥ ಗಾಯವನ್ನು ತಾಳಿಕೊಳ್ಳಲಾರದೆಂಬುದನ್ನು ಮಾತ್ರ ಆವರೆಗೆ ಯಾರೂ ಕಂಡಿರಲಿಲ್ಲ.

1912ರ ಏಪ್ರಿಲ್ 14ರ ರಾತ್ರಿ 11 ಗಂಟೆ 40 ನಿಮಿಷ. ಚಂದ್ರನಿಲ್ಲದ ಆಕಾಶ, ಅಲೆಯಿಲ್ಲದ ಕಡಲು. ಹಿಮಪರ್ವತದ ಬುಡಕ್ಕೆ ಬಡಿದು ಬೆಳ್ಳಗೆ ಒಡೆಯುವ ನೊರೆಯೇ ರಾತ್ರಿಕಾವಲಿನವರಿಗೆ ದೊರೆಯುವ ಮೊದಲ ಸುಳಿವಾದುದರಿಂದ, ಆ ಶಾಂತಿಯೇ ಶತ್ರುವಾಗಿ ಪರಿಣಮಿಸಿತು. ನೌಕೆ ಸುಮಾರು ಇಪ್ಪತ್ತೆರಡೂವರೆ ನಾಟ್ ವೇಗದಲ್ಲಿ, ಎಂದರೆ ಸೆಕೆಂಡಿಗೆ ಮೂವತ್ತೆಂಟು ಅಡಿಯಂತೆ ಮುಂದೋಡುತ್ತಿದ್ದಿತು. ಕೂವೆಮರದ ಮೇಲಿನ ಕಾವಲುಗೂಡಿನಲ್ಲಿದ್ದ ಫ್ರೆಡರಿಕ್ ಫ್ಲೀಟ್ ಗಂಟೆಯನ್ನು ಮೂರು ಬಾರಿ ಬಾರಿಸಿ ಟೆಲಿಫೋನಿನಲ್ಲಿ ಸುದ್ದಿ ಮುಟ್ಟಿಸಿದನು. ಮರ್ಡಾಕ್ ನೌಕೆಯ ತಲೆಯನ್ನು ಎಡಕ್ಕೆ ತಿರುಗಿಸಲು ಆಜ್ಞೆಯಿತ್ತನು. ಎಂಜಿನುಗಳಿಗೂ ನಿಲ್ಲುವ ಅಥವಾ ಹಿಂದಕ್ಕೆ ತಿರುಗುವ ಸಂಜ್ಞೆ ಹೋಯಿತು. ಅನಂತರ ಒಲಿಂಪಿಕ್ ನೌಕೆಯನ್ನೇ ಓಡಿಸಿ ಪರೀಕ್ಷಿಸಿದಾಗ, ಎರಡು ದಿಗ್ಬಿಂದುಗಳಷ್ಟು, ಎಂದರೆ ಇಪ್ಪತ್ತೆರಡೂವರೆ ಡಿಗ್ರಿ, ತಲೆ ತಿರುಗಲು ಅದಕ್ಕೆ ಮೂವತ್ತೇಳು ಸೆಕೆಂಡುಗಳು ಬೇಕಾದುವು. ಮರ್ಡಾಕನ ಪಾಲಿಗೆ ಬಂದ ಕಾಲ ಅದಕ್ಕಿಂತ ಬಹಳ ಹೆಚ್ಚೇನೂ ಆಗಿರಲಾರದು. ಮೂತಿ ಹಿಮಪರ್ವತವನ್ನು ತಪ್ಪಿಸಿಕೊಂಡಿತು. ಬಲಮಗ್ಗುಲು ತಪ್ಪಿಸಿಕೊಳ್ಳಲಿಲ್ಲ.

ಆ ಮಗ್ಗುಲಿನ ಒಳಗಡೆ, ನೀರಿನ ಮಟ್ಟದಿಂದ ಬಹಳ ಕೆಳಗೆ, ಆರನೆಯ ನಂಬರಿನ ಬಾಯ್ಲರ್ ಕೋಣೆಯಲ್ಲಿ ಫ್ರೆಡರಿಕ್ ಬ್ಯಾರೆಟ್ ಎಂಬ ಮುಖ್ಯ ಫಯರ್‌ಮನ್ ಎರಡನೆಯ ಎಂಜಿನಿಯರ್ ಹೆಸ್ಕೆತ್‌ರೊಂದಿಗೆ ಮಾತನಾಡುತ್ತ ನಿಂತಿದ್ದನು. ಗೋಡೆಯ ಮೇಲಿನ ಕೆಂಪು ದೀಪ ಹೊತ್ತಿಕೊಂಡಿತು. ನಿಲ್ಲಿಸಿರೆಂಬ ಸಂಜ್ಞೆ ಅದು. ಕುಲುಮೆಗಳ ಗಾಳಿಬಾಯಿ ಮುಚ್ಚಿರೆಂದು ಬ್ಯಾರೆಟ್ ಕೂಗಿಕೊಂಡನು. ಆ ಕೆಲಸ ಪೂರೈಸುವ ಮೊದಲೇ ಕಾಲಡಿಯ ತಗಡಿನಿಂದ ಎರಡಡಿ ಮೇಲೆ ಹಡಗಿನ ಪಕ್ಕೆ ಬಿರಿದು ನೀರು ರಭಸದಿಂದ ಒಳಕ್ಕೆ ಚಿಮ್ಮಿತು. ಇಬ್ಬರೂ ಮುಚ್ಚಿಕೊಳ್ಳುತ್ತಿದ್ದ ಬಾಗಿಲಿನಡಿ ನುಸುಳಿ ಹಿಂದಿನ ಐದನೆಯ ಕೋಣೆಗೆ ಹಾರಿದರು. ಅಲ್ಲಿಯೂ ಬಿರುಕು ಗೋಡೆಯನ್ನು ದಾಟಿ ಎರಡಡಿಯಷ್ಟು ಮುಂದುವರಿದು, ಖಾಲಿಯಾಗಿದ್ದ ಕಲ್ಲಿದ್ದಲ ಕಣಜದೊಳಕ್ಕೆ ನೀರನ್ನು ಬಿಡುತ್ತಿದ್ದಿತು. ಈ ಎರಡಡಿಯ ಒಸರನ್ನು ಪಂಪುಗಳು ಸಾಕಷ್ಟು ಹೊತ್ತು ಹತೋಟಿಯಲ್ಲಿಟ್ಟವು. ನೌಕೆಯನ್ನು ಕೊಂದದ್ದು ಅದಲ್ಲ, ಅದರ ಮುಂದಿನ ಆರನೆಯ ಕೋಣೆ. ಮೊದಲ ನಾಲ್ಕು ಅಂಕಣಗಳವರೆಗೆ ನೌಕೆ ಸಹಿಸುತ್ತಿತ್ತು. ಐದನೆಯ ಅಂಕಣವಾದ ಈ ಬಾಯ್ಲರ್ ಕೋಣೆ ತುಂಬತೊಡಗಿದ ಕ್ಷಣದಲ್ಲಿ ಅದರ ಲೆಕ್ಕ ಮುಗಿದುಹೋಗಿದ್ದಿತು.

ಏಕೆಂದರೆ ಅಡ್ಡಗೋಡೆಗಳು ಮೇಲಿನ ಡೆಕ್ಕುಗಳವರೆಗೆ ಏರಿರಲಿಲ್ಲ. ನಡುಭಾಗದಲ್ಲಿ ಅವು ನೀರಿನ ಮಟ್ಟಕ್ಕಿಂತ ಹತ್ತು ಅಡಿಗಳ ಆಸುಪಾಸು ಮೇಲೆಯೇ ಮುಗಿಯುತ್ತಿದ್ದವು. ಮುಂದಿನ ಐದು ಅಂಕಣಗಳ ಭಾರದಿಂದ ಮೂತಿ ಬಾಗಿದಂತೆ ಐದನೆಯ ಅಂಕಣದ ನೀರು ಗೋಡೆಯ ನೆತ್ತಿಯನ್ನು ಮುಟ್ಟಿ, ಮಲೆನಾಡಿನ ಮೆಟ್ಟಿಲುಗದ್ದೆಗಳಲ್ಲಿ ಮೇಲಿನ ಗದ್ದೆಯ ಬದು ಮೀರಿದ ನೀರು ಕೆಳಗಿನದಕ್ಕೆ ಇಳಿಯುವ ಹಾಗೆ, ಆರನೆಯದಕ್ಕೆ ಹರಿಯತೊಡಗುವುದು ಅನಿವಾರ್ಯವಾಯಿತು. ಆರನೆಯದು ತುಂಬಿದರೆ ಏಳನೆಯದಕ್ಕೆ. ನೌಕೆಯ ರಚನೆಯನ್ನು ಬಲ್ಲ ಥಾಮಸ್ ಆಂಡ್ರೂಸ್ ಒಳಕ್ಕಿಳಿದು ನೋಡಿ ಬಂದು, ಉಳಿದಿರುವುದು ಒಂದು ಅಥವಾ ಒಂದೂವರೆ ಗಂಟೆ ಎಂದು ಕಪ್ತಾನನಿಗೆ ತಿಳಿಸಿದ್ದು ಈ ಲೆಕ್ಕದಿಂದಲೇ. ನೌಕೆ ಅವರ ಅಂದಾಜಿಗಿಂತ ಹೆಚ್ಚು ಹೊತ್ತು ತೇಲಿ, ಬೆಳಗಿನ ಜಾವ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಳುಗಿತು.

ಇಂತಹ ಮಹಾನೌಕೆಯನ್ನು ಮುಳುಗಿಸಿದ ಗಾಯ ಎಷ್ಟು ದೊಡ್ಡದಿದ್ದೀತು? ಬಹುಕಾಲ ಜನ ಮುನ್ನೂರಡಿಯ ಒಂದೇ ಸೀಳನ್ನು ಕಲ್ಪಿಸಿಕೊಂಡಿದ್ದರು. ವೈಲ್ಡಿಂಗ್‌ರು ಆ ಕಲ್ಪನೆಯನ್ನು ಅಂದೇ ಒಪ್ಪಿರಲಿಲ್ಲ. ಮೊದಲ ಸುಮಾರು ನಲವತ್ತು ನಿಮಿಷಗಳಲ್ಲಿ ಒಳಬಂದ ನೀರಿನ ಪ್ರಮಾಣದಿಂದ ಹಿಮ್ಮುಖವಾಗಿ ಗಣಿಸಿ, ಒಟ್ಟು ತೆರಪು ಹನ್ನೆರಡು ಚದರಡಿಗಳಷ್ಟೇ ಇರಬೇಕೆಂದು ಅವರು ನಿರ್ಧರಿಸಿದ್ದರು. ಅದನ್ನೇ ಇನ್ನೂರಡಿ ಉದ್ದಕ್ಕೆ ಹರಡಿದರೆ ಸರಾಸರಿ ಅಗಲ ಮುಕ್ಕಾಲು ಅಂಗುಲ. ಕಡಲಡಿಯ ಕೆಸರಿನಲ್ಲಿ ಹೂತ ಮೂತಿಯನ್ನು 1996ರಲ್ಲಿ ಶಬ್ದತರಂಗಗಳ ಮೂಲಕ ಶೋಧಿಸಿದಾಗ ಆರು ಕಿರಿದಾದ ಬಿರುಕುಗಳು ಕಂಡುವು; ಅವುಗಳ ಒಟ್ಟು ವಿಸ್ತಾರವೂ ಬಹುಮಟ್ಟಿಗೆ ಅಷ್ಟೇ ಎಂದಾಯಿತು. ಎಂಬತ್ತನಾಲ್ಕು ವರ್ಷಗಳ ಹಿಂದೆ ಕಾಗದದ ಮೇಲೆ ಮಾಡಿದ ಗಣಿತ ಹೀಗೆ ಕಡಲಡಿಯಲ್ಲಿ ಸ್ಥಿರಪಟ್ಟುದನ್ನು ಓದಿದಾಗ ಆ ಶಿಲ್ಪಿಯ ಬುದ್ಧಿಯ ಬಗೆಗೆ ಗೌರವ ಹುಟ್ಟುತ್ತದೆ. ಅವರ ಇನ್ನೊಂದು ಮಾತನ್ನು, ನೇರ ಪೆಟ್ಟಿನ ಮಾತನ್ನು, ಹಗುರವಾಗಿ ತಳ್ಳಿಹಾಕಲು ಮನಸ್ಸಾಗುವುದಿಲ್ಲ. ಮನೆಯ ಬಾಗಿಲೊಂದರ ಗಾತ್ರಕ್ಕಿಂತ ಕಿರಿದಾದ ತೆರಪು ಅದು. ಒಂದೇ ಅಂಕಣದಲ್ಲಿ ಅದರ ಹತ್ತುಪಟ್ಟು ದೊಡ್ಡ ತೂತು ಬಿದ್ದಿದ್ದರೂ ನೌಕೆ ಉಳಿಯುತ್ತಿತ್ತು. ಅದು ಸಣ್ಣದಾಗಿದ್ದೂ ಉದ್ದವಾಗಿದ್ದುದರಿಂದ ಸಾವಾಯಿತು.

ಈಗ ನೇರ ಪೆಟ್ಟನ್ನು ವಿಚಾರ ಮಾಡೋಣ. ಐವತ್ತೆರಡು ಸಾವಿರ ಟನ್ನಿನ ನೌಕೆ ಇಪ್ಪತ್ತೆರಡೂವರೆ ನಾಟ್ ವೇಗದಲ್ಲಿ ಹೊತ್ತಿರುವ ಚಲನಶಕ್ತಿ ಸುಮಾರು ಮುನ್ನೂರೈವತ್ತು ಕೋಟಿ ಜೂಲ್‌ಗಳು. ಹಿಮಪರ್ವತ ಕದಲದೆ ನಿಂತಿತೆಂದು ಹಿಡಿದರೆ, ಈ ಶಕ್ತಿಯಷ್ಟೂ ಮೂತಿಯ ಉಕ್ಕು ಮಡಿಚಿ, ನುಗ್ಗಾಗಿ, ಹರಿಯುವುದರಲ್ಲಿ ವ್ಯಯವಾಗಬೇಕು. ತೊಂಬತ್ತು ಅಡಿಗಳವರೆಗೆ ಮೂತಿ ಕುಸಿಯಿತೆಂದರೆ, ಸರಾಸರಿ ಹದಿಮೂರು ಸಾವಿರ ಟನ್ನಿನ ಒತ್ತಡ ಅದರ ಮೇಲೆ ಬಿದ್ದಂತಾಯಿತು. ಕೇಳಲು ಇದು ಭಯಂಕರ. ಆದರೆ ಅದೇ ಗಣಿತವನ್ನು ಇನ್ನೊಂದು ಕಡೆಯಿಂದ ನೋಡಿದರೆ ಆಶ್ಚರ್ಯವೊಂದು ಕಾದಿದೆ. ನೌಕೆ ನಿಲ್ಲಲು ಹಿಡಿಯುತ್ತಿದ್ದ ಕಾಲ ಐದು ಸೆಕೆಂಡುಗಳಿಗೆ ಸ್ವಲ್ಪ ಕಡಿಮೆ. ವೇಗ ಕುಗ್ಗುವ ಗತಿ ಗುರುತ್ವಾಕರ್ಷಣೆಯ ಕಾಲುಪಾಲು. ಓಡುತ್ತಿರುವ ಬಸ್ಸಿಗೆ ಚಾಲಕ ಕೊಂಚ ಬಿರುಸಾಗಿ ಬ್ರೇಕು ಹಾಕಿದಾಗ ಪ್ರಯಾಣಿಕರು ಅನುಭವಿಸುವುದೂ ಇಷ್ಟನ್ನೇ. ನಡುಭಾಗದಲ್ಲಿ ಮಲಗಿದ್ದವರು ಹಾಸಿಗೆಯಿಂದ ಉರುಳುತ್ತಿದ್ದರು, ಭೋಜನಶಾಲೆಯ ಪಿಂಗಾಣಿ ಪುಡಿಯಾಗುತ್ತಿದ್ದಿತು, ಮೆಟ್ಟಿಲಿಳಿಯುತ್ತಿದ್ದವರು ಬಿದ್ದು ಕೈಕಾಲು ಮುರಿದುಕೊಳ್ಳುತ್ತಿದ್ದರು. ಆದರೆ ಪೆಟ್ಟಿನಿಂದಲೇ ಸಾಯುವವರು ಮೂತಿಯಿಂದಾಚೆ ವಿರಳವಾಗಿರುತ್ತಿದ್ದರು. ವೈಲ್ಡಿಂಗ್‌ರೂ ನ್ಯಾಯಾಧೀಶರಿಗೆ ಇದನ್ನು ವಿವರಿಸುತ್ತ, ಅದು ಆಘಾತವಾಗಿರದೆ ಕೆಲವು ಸೆಕೆಂಡುಗಳ ಕಾಲ ನಡೆಯುವ ಒತ್ತಡವಾಗಿರುತ್ತಿತ್ತು ಎಂಬ ಅಭಿಪ್ರಾಯ ಕೊಟ್ಟರು. ನೂರಡಿಯ ಕುಸಿತದಲ್ಲಿ ಮೊದಲ ಎರಡು ಅಂಕಣಗಳು ಪೂರ್ತಿಯಾಗಿಯೂ ಮೂರನೆಯದು ಒಂದಿಷ್ಟೂ ಹಾಳಾಗುತ್ತಿದ್ದವು. ನಾಲ್ಕನ್ನು ಕಳೆದುಕೊಂಡರೂ ತೇಲಬಲ್ಲ ನೌಕೆಗೆ ಇದು ಪ್ರಾಣಾಂತಿಕವಲ್ಲ.

ಇಂತಹ ಪೆಟ್ಟು ತಿಂದು ಬದುಕಿದ ಹಡಗುಗಳುಂಟು. 1879ರ ನವೆಂಬರ್ 7ರಂದು ನ್ಯೂಯಾರ್ಕಿನಿಂದ ಲಿವರ್‌ಪೂಲಿಗೆ ಹೊರಟಿದ್ದ ಅರಿಜೋನಾ ಎಂಬ ಪ್ರಯಾಣಿಕ ನೌಕೆ ನ್ಯೂಫೌಂಡ್‌ಲೆಂಡಿನ ಸಮೀಪ ಪೂರ್ಣವೇಗದಲ್ಲಿ ಹಿಮಪರ್ವತಕ್ಕೆ ನೇರವಾಗಿ ಅಪ್ಪಳಿಸಿತು. ಮೂತಿ ಜಜ್ಜಿಹೋಯಿತು, ಅದರ ಹಿಂದಿದ್ದ ಗೋಡೆ ನಿಂತಿತು, ಹಡಗು ಮೆಲ್ಲಗೆ ಸೇಂಟ್ ಜಾನ್ಸ್ ಬಂದರನ್ನು ಸೇರಿತು. 1907ರಲ್ಲಿ ಕ್ರೋನ್‌ಪ್ರಿನ್ಸ್ ವಿಲ್ಹೆಲ್ಮ್ ಎಂಬ ಜರ್ಮನ್ ನೌಕೆಯೂ ಹೀಗೆಯೇ ಮೂತಿಯಲ್ಲಿ ಪೆಟ್ಟು ತಿಂದು ಪ್ರಯಾಣವನ್ನು ಪೂರೈಸಿತು. ಆದರೆ ತೂಕವನ್ನಲ್ಲದೆ ಒಡಲಿನ ಗಾತ್ರವನ್ನು ಅಳೆಯುವ ಗ್ರಾಸ್ ಟನ್ನಿನ ಲೆಕ್ಕದಲ್ಲಿ ಅರಿಜೋನಾ 5,147 ಟನ್ನಿನ ಹಡಗು, ಟೈಟಾನಿಕ್ 46,328 ಟನ್ನಿನದು. ಅರಿಜೋನಾದ ವೇಗ ಹದಿನೈದು ನಾಟ್‌ಗಳ ಸುಮಾರು. ವೇಗದ ವರ್ಗದಂತೆ ಶಕ್ತಿ ಬೆಳೆಯುವುದರಿಂದ ಟೈಟಾನಿಕ್ ತರುತ್ತಿದ್ದ ಪೆಟ್ಟು ಇಪ್ಪತ್ತು ಪಾಲಿನಷ್ಟು ದೊಡ್ಡದಾಗುತ್ತಿತ್ತು. ಆದ್ದರಿಂದ ಅರಿಜೋನಾದ ನಿದರ್ಶನ ಭರವಸೆ ಕೊಡಬಹುದೇ ಹೊರತು ಪ್ರಮಾಣವಾಗಲಾರದು.

ಇದಕ್ಕಿಂತ ಮನವರಿಕೆ ಮಾಡಿಕೊಡುವ ಉದಾಹರಣೆ ನನಗೆ 1956ರ ಜುಲೈ 25ರ ರಾತ್ರಿಯದು. ನಾಂಟುಕೆಟ್ ದ್ವೀಪದ ಬಳಿ ಸ್ವೀಡನ್ನಿನ ಸ್ಟಾಕ್‌ಹೋಮ್ ನೌಕೆ, ಇಟಲಿಯ ಆಂಡ್ರಿಯಾ ಡೋರಿಯಾದ ಪಕ್ಕೆಗೆ ಮೂತಿಯಿಂದ ಇರಿಯಿತು. ಒಂದೇ ಡಿಕ್ಕಿ, ಎರಡು ಹಡಗು, ಎರಡು ಬಗೆಯ ಗಾಯ. ಪಕ್ಕೆ ಹರಿದ ಆಂಡ್ರಿಯಾ ಡೋರಿಯಾ ಬಲಕ್ಕೆ ವಾಲಿ, ಹನ್ನೊಂದು ಗಂಟೆಗಳ ಬಳಿಕ ಮುಳುಗಿತು. ಮೂತಿಯ ಸುಮಾರು ಎಪ್ಪತ್ತೈದು ಅಡಿಯನ್ನು ಕಳೆದುಕೊಂಡ ಸ್ಟಾಕ್‌ಹೋಮ್ ತೇಲುತ್ತ ನಿಂತು, ಮುಳುಗುತ್ತಿದ್ದ ಹಡಗಿನ ಐನೂರಕ್ಕೂ ಹೆಚ್ಚು ಮಂದಿಯನ್ನು ತನ್ನ ಮೇಲೆ ಹತ್ತಿಸಿಕೊಂಡು, ನ್ಯೂಯಾರ್ಕಿಗೆ ಹಿಂದಿರುಗಿತು. ಮೂತಿಯೊಳಗೆ ಮಲಗಿದ್ದ ಅದರ ಐವರು ನೌಕರರು ಮಾತ್ರ ಬದುಕಲಿಲ್ಲ. ವೈಲ್ಡಿಂಗ್‌ರ ಸಾಕ್ಷ್ಯದ ಎರಡು ಭಾಗಗಳೂ, ನೌಕೆ ಉಳಿಯುತ್ತದೆ ಎಂಬುದೂ ಮೂತಿಯವರು ಉಳಿಯುವುದಿಲ್ಲ ಎಂಬುದೂ, ಇಲ್ಲಿ ಏಕಕಾಲದಲ್ಲಿ ನಿಜವಾದುವು.

ಈ ಎರಡನೆಯ ಭಾಗವನ್ನು ಜನ ಬೇಗನೆ ದಾಟಿಹೋಗುತ್ತಾರೆ. ನೇರವಾಗಿ ಬಡಿದಿದ್ದರೆ ಎಲ್ಲರೂ ಬದುಕುತ್ತಿದ್ದರು ಎಂದು ಹೇಳುವವರನ್ನು ನಾನು ಕೇಳಿದ್ದೇನೆ. ಅವರ ಎಲ್ಲರಲ್ಲಿ ಫಯರ್‌ಮನ್ನರು ಸೇರಿರಲಿಲ್ಲ. ಟೈಟಾನಿಕ್‌ನ ಮೂತಿಯ ತುತ್ತತುದಿಯಲ್ಲಿ, ಒಂದರ ಕೆಳಗೊಂದಾಗಿ ಹಲವು ಅಂತಸ್ತುಗಳಲ್ಲಿ, ಕುಲುಮೆಗಳಿಗೆ ಕಲ್ಲಿದ್ದಲು ಉಣಿಸುವವರ ಮಂಚಗಳು ಸಾಲುಗಟ್ಟಿದ್ದವು. ಪ್ರಯಾಣಿಕರ ಕಣ್ಣಿಗೆ ಬೀಳದಂತೆ ಅವರು ಸುರುಳಿ ಮೆಟ್ಟಿಲುಗಳಲ್ಲಿ ಇಳಿದು, ಸರಕಿನ ಅಂಕಣಗಳ ತಳದಲ್ಲಿ ಕೊರೆದ ಸುರಂಗದಂಥ ಓಣಿಯಲ್ಲಿ ನಡೆದು ಬಾಯ್ಲರುಗಳನ್ನು ಮುಟ್ಟುತ್ತಿದ್ದರು. ನಾಲ್ಕು ಗಂಟೆ ದುಡಿತ, ಎಂಟು ಗಂಟೆ ಬಿಡುವು ಎಂಬ ಕ್ರಮದಲ್ಲಿ ಮೂರರಲ್ಲಿ ಎರಡು ಪಾಲು ಜನ ಯಾವ ಹೊತ್ತಿನಲ್ಲಾದರೂ ಆ ಮಂಚಗಳ ಮೇಲೋ ಅವುಗಳ ಅಕ್ಕಪಕ್ಕದಲ್ಲೋ ಇರುತ್ತಿದ್ದರು. ಪಾಳಿ ಬದಲಾಗುವುದು ಹನ್ನೆರಡಕ್ಕೆ. ಡಿಕ್ಕಿಯಾದದ್ದು ಅದಕ್ಕೆ ಇಪ್ಪತ್ತು ನಿಮಿಷ ಮೊದಲು. ಮುಂದಿನ ಪಾಳಿಯವರು ಎದ್ದು ಬೂಟು ಹಾಕಿಕೊಳ್ಳುವ ಸಮಯ ಅದು. ಇನ್ನೊಂದು ಪಾಳಿಯವರು ನಿದ್ರೆಯಲ್ಲಿದ್ದರು. ಅವರ ಹಿಂದೆಯೇ ಮೂರನೆಯ ತರಗತಿಯ ಒಂಟಿ ಗಂಡಸರ ಕೋಣೆಗಳು. ಮೂತಿ ಕುಸಿಯುವ ಆ ಐದು ಸೆಕೆಂಡುಗಳಲ್ಲಿ ಇವರಲ್ಲಿ ನೂರಾರು ಮಂದಿಯ ಪ್ರಾಣ ಹೋಗುವುದು ನಿಶ್ಚಯವಾಗಿದ್ದಿತು. ನೌಕೆ ಉಳಿಯುತ್ತಿತ್ತೆಂಬ ಗಣಿತದಲ್ಲಿ ಕಳೆಯುವ ಅಂಕಿ ಈ ಜನರೇ.

ಉಳಿಯುತ್ತಿತ್ತೆಂಬುದಾದರೂ ಸಂದೇಹಾತೀತವೇ ಎಂದರೆ, ಹಾಗೂ ಹೇಳುವಂತಿಲ್ಲ. ಆ ಒಡಲನ್ನು ಹೊಲಿದಿದ್ದ ಸುಮಾರು ಮೂವತ್ತು ಲಕ್ಷ ರಿವೆಟ್ಟುಗಳಲ್ಲಿ ನಡುಭಾಗದವು ಯಂತ್ರದಿಂದ ಬಿಗಿದ ಉಕ್ಕಿನವು. ಮೂತಿಯ ಮತ್ತು ಹಿಂಬದಿಯ ತಗಡುಗಳನ್ನು ಕೂಡಿಸಿದವು ಕೈಸುತ್ತಿಗೆಯಿಂದ ಬಡಿದ ಮೆದುಕಬ್ಬಿಣದವು. ಕಡಲಡಿಯಿಂದ ತಂದ ಇಂತಹ ಕೆಲವು ರಿವೆಟ್ಟುಗಳಲ್ಲಿ ಕಿಟ್ಟದ ಅಂಶ ಅತಿಯಾಗಿದ್ದು, ಸೆಳೆತಕ್ಕೆ ಅವುಗಳ ತಲೆ ಹಾರಿಹೋಗುವಂತಿದ್ದಿತೆಂದು ಲೋಹಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಹದಿಮೂರು ಸಾವಿರ ಟನ್ನಿನ ಒತ್ತಡ ಮೂತಿಯ ತುದಿಯಲ್ಲಿಯೇ ನಿಲ್ಲುವುದಿಲ್ಲ. ಒಡಲಿನುದ್ದಕ್ಕೂ ಕಂಪಿಸುತ್ತ ಹಿಂದಕ್ಕೆ ಸಾಗುತ್ತದೆ. ಜಜ್ಜಿದ ಭಾಗದಿಂದಾಚೆ, ನಾಲ್ಕನೆಯ ಮತ್ತು ಐದನೆಯ ಅಂಕಣಗಳ ಕೂಡುಗೆರೆಗಳು ಬಾಯಿ ಬಿಟ್ಟಿದ್ದರೆ? ಗೋಡೆಗಳು ಬಾಗಿ ಅವುಗಳ ಬಾಗಿಲುಗಳು ಮುಚ್ಚಲಾರದಾಗಿದ್ದರೆ? ಬಾಯ್ಲರುಗಳ ಹಬೆಕೊಳವೆಗಳು ಕಳಚಿದ್ದರೆ? ಹಿಮಪರ್ವತವೂ ಕಲ್ಲುಗೋಡೆಯಂತೆ ಲಂಬವಾಗಿ ನಿಂತುದಲ್ಲ. ನೀರಿನಡಿಯಲ್ಲಿ ಅದು ಎತ್ತ ಕಡೆಗೆ ಎಷ್ಟು ಚಾಚಿಕೊಂಡಿದ್ದಿತೆಂಬುದು ಯಾರಿಗೂ ಕಾಣುವಂತಿರಲಿಲ್ಲ. ಚಾಚಿದ ಪಾದದ ಮೇಲೆ ನೌಕೆಯ ತಳ ಏರಿಬಿಟ್ಟಿದ್ದರೆ ಮೂತಿಯ ಬದಲು ಅಡಿಯೇ ಹರಿಯುತ್ತಿತ್ತು. ಇವೆಲ್ಲವನ್ನೂ ತೂಗಿಯೂ ನಾನು ವೈಲ್ಡಿಂಗ್‌ರ ಕಡೆಗೇ ವಾಲುತ್ತೇನೆ. ಅಲೆಯಿಲ್ಲದ ಆ ಕಡಲು, ಜಜ್ಜಿದ ಮೂತಿಯ ಹಡಗಿಗೆ ದೊರೆಯಬಹುದಾದ ಅತ್ಯುತ್ತಮ ಆಶ್ರಯವಾಗಿತ್ತು. ಮುಳುಗುವುದೇ ಆಗಿದ್ದರೂ, ಸುಮಾರು ಐವತ್ತೆಂಟು ಮೈಲು ದೂರದಿಂದ ಧಾವಿಸಿ ಬೆಳಗಿನ ನಾಲ್ಕು ಗಂಟೆಗೆ ಮುಟ್ಟಿದ ಕಾರ್ಪೇಥಿಯಾ ನೌಕೆ ಬರುವವರೆಗೆ ಅದು ನಿಲ್ಲುತ್ತಿತ್ತೆಂಬುದು ನನ್ನ ನಂಬಿಕೆ.

ನೇರ ಪೆಟ್ಟು ಒಂದು ತುದಿ, ಪೆಟ್ಟೇ ಇಲ್ಲದಿರುವುದು ಮತ್ತೊಂದು ತುದಿ. ಇವೆರಡರ ನಡುವಣ ಸಾಧ್ಯತೆಗಳ ಬಗೆಗೆ ಚರ್ಚೆ ಕಡಿಮೆ. ನನಗಾದರೋ ಹೆಚ್ಚು ನೋವನ್ನು ಕೊಡುವವು ಅವೇ. ಹಿಮ ನೌಕೆಯ ಮಗ್ಗುಲನ್ನು ಸವರಿದ ಕಾಲ ಹತ್ತು ಸೆಕೆಂಡುಗಳೊಳಗೆ. ಸೆಕೆಂಡಿಗೆ ಮೂವತ್ತೆಂಟು ಅಡಿಯ ಓಟದಲ್ಲಿ ಗಾಯ ಆರನೆಯ ಬಾಯ್ಲರ್ ಕೋಣೆಯನ್ನು ಹಾಯ್ದದ್ದು ಒಂದೂವರೆ ಸೆಕೆಂಡಿನಲ್ಲಿ. ಕಾವಲುಗೂಡಿನಿಂದ ಎಚ್ಚರಿಕೆ ಒಂದೆರಡು ಸೆಕೆಂಡು ಮೊದಲೇ ಬಂದಿದ್ದರೆ, ಅಥವಾ ನೌಕೆಯ ಬಾಲ ಅಷ್ಟೇ ಬೇಗ ಹೊರಳಿದ್ದರೆ, ಸ್ಪರ್ಶ ಸರಕಿನ ಅಂಕಣಗಳಲ್ಲಿಯೇ ಮುಗಿದು, ನಾಲ್ಕು ಅಂಕಣಗಳು ತುಂಬಿ, ಮೂತಿ ಬಾಗಿದ ನೌಕೆ ತೆವಳುತ್ತ ಹ್ಯಾಲಿಫ್ಯಾಕ್ಸ್ ಕಡೆಗೆ ಸಾಗುತ್ತಿತ್ತು. ಎಂಜಿನುಗಳನ್ನು ಹಿಂದಕ್ಕೆ ತಿರುಗಿಸುವ ಪ್ರಯತ್ನವೂ ಈ ಅಲ್ಪಕಾಲವನ್ನು ನುಂಗಿದ್ದೀತು. ನಡುವಿನ ಪ್ರೊಪೆಲ್ಲರನ್ನು ತಿರುಗಿಸುತ್ತಿದ್ದುದು ಹಿಂದಕ್ಕೆ ಓಡಲಾರದ ಟರ್ಬೈನು. ಅದರ ನೇರ ಹಿಂದೆ ಚುಕ್ಕಾಣಿ. ಆ ಪ್ರೊಪೆಲ್ಲರು ನಿಂತರೆ ಚುಕ್ಕಾಣಿಯ ಮೇಲೆ ಹರಿಯುವ ನೀರಿನ ರಭಸ ತಗ್ಗಿ ತಿರುಗುವ ಬಲವೂ ತಗ್ಗುತ್ತದೆ. ವಿಪರೀತ ದಿಕ್ಕಿನಲ್ಲಿಯೂ ಇದೇ ಮಾತು: ಎಚ್ಚರಿಕೆ ತಡವಾಗಿ ಬಂದು, ಮೂತಿಯ ಭುಜವೇ ಓರೆಯಾಗಿ ಬಡಿದಿದ್ದರೆ, ಗಾಯ ಇನ್ನೂ ಆಳವಾಗಿ, ದೋಣಿಗಳನ್ನಿಳಿಸುವಷ್ಟು ವ್ಯವಧಾನವೂ ದೊರೆಯುತ್ತಿರಲಿಲ್ಲ. ಉಳಿವು ಎರಡು ತುದಿಗಳಲ್ಲಿಯೂ ಇದ್ದಿತು. ನೌಕೆ ಹೊಕ್ಕದ್ದು ನಡುವಣ ಇಕ್ಕಟ್ಟನ್ನು.

ಹಾಗಾದರೆ ಮರ್ಡಾಕ್ ತಪ್ಪಿದನೆ? ಈ ಪ್ರಶ್ನೆಯನ್ನು ಕೇಳುವವರು 1903ರ ಒಂದು ಘಟನೆಯನ್ನು ನೆನೆಯುತ್ತಾರೆ. ಅರಾಬಿಕ್ ಎಂಬ ನೌಕೆಯಲ್ಲಿ ಆತ ಎರಡನೆಯ ಅಧಿಕಾರಿಯಾಗಿದ್ದಾಗ, ಕತ್ತಲಲ್ಲಿ ಎದುರಿಗೆ ಬಂದ ಹಡಗೊಂದನ್ನು ತಪ್ಪಿಸಲು ಮೇಲಧಿಕಾರಿ ಚುಕ್ಕಾಣಿ ತಿರುಗಿಸಲು ಆಜ್ಞೆಯಿತ್ತನಂತೆ. ಮರ್ಡಾಕ್ ಓಡಿಬಂದು ಚುಕ್ಕಾಣಿಗನನ್ನು ಪಕ್ಕಕ್ಕೆ ಸರಿಸಿ, ಹಿಡಿದ ದಾರಿಯನ್ನು ಬಿಡದೆ ನಡೆಸಿ ಎರಡು ಹಡಗುಗಳನ್ನೂ ಉಳಿಸಿದನಂತೆ. ತಿರುಗಿಸದೆ ಇರುವ ಧೈರ್ಯ ಆತನಲ್ಲಿ ಇಲ್ಲದೆ ಇರಲಿಲ್ಲ. ಆದರೆ ಎದುರು ಬರುವ ಹಡಗನ್ನು ಕೂದಲೆಳೆಯಲ್ಲಿ ಹಾಯ್ದುಹೋಗುವುದು ಬೇರೆ, ತಪ್ಪಿಸಬಹುದೆಂದು ತೋರುವ ಪರ್ವತಕ್ಕೆ ಎರಡು ಸಾವಿರದ ಇನ್ನೂರು ಜನರನ್ನು ಹೊತ್ತ ನೌಕೆಯನ್ನು ಬುದ್ಧಿಪೂರ್ವಕವಾಗಿ ಗುದ್ದಿಸುವುದು ಬೇರೆ. ಹಾಗೆ ಮಾಡಿ ನೌಕೆ ಉಳಿದಿದ್ದರೆ, ಮೂತಿಯಲ್ಲಿ ನುಗ್ಗಾದವರ ಹೆಣಗಳನ್ನು ಮುಂದಿಟ್ಟು ಅದೇ ವಿಚಾರಣೆ ಅವನನ್ನು ಕೇಳುತ್ತಿತ್ತು: ಹೊರಳಿಸಿದ್ದರೆ ತಪ್ಪಿಹೋಗುತ್ತಿದ್ದ ಅಪಘಾತಕ್ಕೆ ಇವರನ್ನು ಏಕೆ ಬಲಿಕೊಟ್ಟೆ? ಆ ಪ್ರಶ್ನೆಗೆ ಅವನ ಬಳಿ ಉತ್ತರವಿರುತ್ತಿರಲಿಲ್ಲ, ಏಕೆಂದರೆ ಮುಳುಗಿದ ಟೈಟಾನಿಕ್ ಎಂಬ ಸಾಕ್ಷ್ಯ ಆ ಲೋಕದಲ್ಲಿ ಇರುತ್ತಲೇ ಇರಲಿಲ್ಲ. ಅವನನ್ನು ದೂಷಿಸುವುದು ಅನ್ಯಾಯವೆಂದು ನಾನು ಖಚಿತವಾಗಿ ನಂಬಿದ್ದೇನೆ. ದೂಷಣೆಗೆ ಸ್ಥಳವಿದ್ದರೆ ಅದು ಆ ಕ್ಷಣದಲ್ಲಿಲ್ಲ. ಹಗಲೆಲ್ಲ ಬಂದ ಹಿಮದ ಎಚ್ಚರಿಕೆಗಳ ಬಳಿಕವೂ ತಗ್ಗದ ವೇಗದಲ್ಲಿದೆ, ಮೇಲಿನವರೆಗೆ ಏರದೆ ನಿಂತ ಗೋಡೆಗಳಲ್ಲಿದೆ, ಮತ್ತು 1,178 ಮಂದಿಗೆ ಮಾತ್ರ ಸ್ಥಳವಿದ್ದ ಇಪ್ಪತ್ತು ದೋಣಿಗಳಲ್ಲಿದೆ.

ಇನ್ನು ಆ ಮೂತಿಯ ಜನ. ಓರೆ ಪೆಟ್ಟು ಅವರನ್ನು ಮಂಚದ ಮೇಲೆ ಕೊಲ್ಲಲಿಲ್ಲವಾದರೂ ಬಹುಪಾಲು ಮಂದಿಗೆ ಬದುಕನ್ನೂ ಕೊಡಲಿಲ್ಲ. ಬ್ಯಾರೆಟ್ ಐದನೆಯ ಬಾಯ್ಲರ್ ಕೋಣೆಯಲ್ಲಿ ಎಂಜಿನಿಯರುಗಳಾದ ಹಾರ್ವೆ ಮತ್ತು ಶೆಫರ್ಡ್‌ರೊಂದಿಗೆ ಪಂಪುಗಳ ಕೆಲಸಕ್ಕೆ ನಿಂತನು. ಹಬೆ ಕವಿದ ಆ ಕತ್ತಲಲ್ಲಿ ನೆಲದ ತಗಡೊಂದನ್ನು ಎತ್ತಿಟ್ಟ ಗುಂಡಿಗೆ ಬಿದ್ದು ಶೆಫರ್ಡ್ ಕಾಲು ಮುರಿದುಕೊಂಡನು. ಅವನನ್ನು ಪಂಪಿನ ಕೋಣೆಗೆ ಎತ್ತಿ ಮಲಗಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ಬಾಯ್ಲರುಗಳ ನಡುವಣ ಓಣಿಯಿಂದ ನೀರಿನ ಮಹಾಪೂರ ನುಗ್ಗಿಬಂದಿತು. ಹಾರ್ವೆ ಬ್ಯಾರೆಟನನ್ನು ಮೇಲಕ್ಕೆ ಹೋಗೆಂದು ಅಟ್ಟಿ, ತಾನು ಶೆಫರ್ಡ್‌ನ ಕಡೆಗೆ ತಿರುಗಿದನು. ಬ್ಯಾರೆಟ್ ಹದಿಮೂರನೆಯ ದೋಣಿಯಲ್ಲಿ ಬದುಕಿ ಉಳಿದು ಇದನ್ನು ವಿಚಾರಣೆಯಲ್ಲಿ ಹೇಳಿದನು. ನೌಕೆಯ ಎಂಜಿನಿಯರುಗಳಲ್ಲಿ ಒಬ್ಬನೂ ಉಳಿಯಲಿಲ್ಲ. ಮರ್ಡಾಕನೂ ಉಳಿಯಲಿಲ್ಲ.

ದುರಂತದ ತರುವಾಯ ಹಾರ್ಲೆಂಡ್ ಅಂಡ್ ವುಲ್ಫ್ ಸಂಸ್ಥೆಯವರು ಒಲಿಂಪಿಕನ್ನು ಬೆಲ್‌ಫಾಸ್ಟಿಗೆ ಕರೆಸಿ, ಪಕ್ಕೆಗಳಿಗೆ ಒಳಗಿನಿಂದ ಎರಡನೆಯ ಚರ್ಮವನ್ನು ತೊಡಿಸಿ, ಗೋಡೆಗಳಲ್ಲಿ ಹಲವನ್ನು ಮೇಲಕ್ಕೇರಿಸಿ, ಎಲ್ಲರಿಗೂ ಸಾಲುವಷ್ಟು ದೋಣಿಗಳನ್ನು ಇಟ್ಟರು. ಮೊದಲ ಆರು ಅಂಕಣಗಳು ತುಂಬಿದರೂ ಅದು ಈಗ ತೇಲಬಲ್ಲುದಾಗಿತ್ತು. ಟೈಟಾನಿಕ್‌ಗೆ ಬಿದ್ದಂಥ ಗಾಯವೇ ಅದಕ್ಕೆ ಬಿದ್ದಿದ್ದರೂ ಅದು ಉಳಿಯುತ್ತಿತ್ತು. 1935ರವರೆಗೆ ಅದು ಸೇವೆಯಲ್ಲಿದ್ದಿತು. ತಂಗಿಯಾದ ಬ್ರಿಟಾನಿಕ್ ಈ ಎಲ್ಲ ಸುಧಾರಣೆಗಳೊಂದಿಗೇ ಹುಟ್ಟಿ, ಯುದ್ಧಕಾಲದಲ್ಲಿ ಆಸ್ಪತ್ರೆಯ ಹಡಗಾಯಿತು. 1916ರ ನವೆಂಬರ್ 21ರ ಬೆಳಗ್ಗೆ ಗ್ರೀಸಿನ ಕಿಯಾ ದ್ವೀಪದ ಬಳಿ ಮೈನೊಂದು ಅದರ ಮೂತಿಯ ಸಮೀಪ ಸಿಡಿಯಿತು. ಗಾಳಿಯಾಡಲೆಂದು ವಾರ್ಡುಗಳ ಕಿಟಕಿಗಳನ್ನು ತೆರೆದಿಟ್ಟಿದ್ದರು. ಹಡಗು ವಾಲಿದಂತೆ ಕಡಲು ಆ ಕಿಟಕಿಗಳಿಂದ, ಗೋಡೆಗಳ ಎತ್ತರವನ್ನು ಲೆಕ್ಕಿಸದೆ, ಒಳಬಂದಿತು. ಐವತ್ತೈದು ನಿಮಿಷದಲ್ಲಿ ಬ್ರಿಟಾನಿಕ್ ಮುಳುಗಿತು, ಟೈಟಾನಿಕ್ ತೆಗೆದುಕೊಂಡ ಕಾಲದ ಮೂರರಲ್ಲೊಂದು ಪಾಲಿನಲ್ಲಿ. ಅದರಲ್ಲಿದ್ದ ಸಾವಿರದ ಅರುವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸತ್ತವರು ಮೂವತ್ತು. ಅವರಲ್ಲಿ ಹೆಚ್ಚಿನವರು, ಆಜ್ಞೆಗೆ ಕಾಯದೆ ಇಳಿಸಿದ ಎರಡು ದೋಣಿಗಳು ಇನ್ನೂ ತಿರುಗುತ್ತಿದ್ದ ಪ್ರೊಪೆಲ್ಲರಿಗೆ ಸಿಕ್ಕಿದ್ದರಿಂದ ಸತ್ತರು. ಮಿಕ್ಕವರಿಗೆಲ್ಲ ದೋಣಿಗಳಿದ್ದವು, ಹಗಲಿದ್ದಿತು, ದಡ ಹತ್ತಿರವಿದ್ದಿತು, ನೀರು ಕೊರೆಯುತ್ತಿರಲಿಲ್ಲ.